ಬಿಸಿಲು ಬಿಟ್ಟಿ, ಪ್ಯಾನೆಲ್ ಬಿಟ್ಟಿಯಲ್ಲ

(ಚಳ್ಳಕೆರೆ ತಾಲ್ಲೂಕು ದೊಡ್ಡಉಳ್ಳಾರ್ತಿಯಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಶೇಂಗಾ ಮಾರೋಕೆ ಚಳ್ಳಕೆರೆಗೆ ಹೋದಾಗ ನೀವು ಒಂದೇ ಅಂಗಡಿಯಲ್ಲಿ ರೇಟು ಕೇಳಿ ಸುಮ್ಮನಾಗೋದಿಲ್ಲ. ನಾಲ್ಕು ಕಡೆ ವಿಚಾರಿಸ್ತೀರಿ. ತೂಕ ನೋಡ್ತೀರಿ, ತೇವ ಅಂತ ಎಷ್ಟು ಹಿಡೀತಾನೆ ನೋಡ್ತೀರಿ. ಆದರೆ ಅದೇ ರೈತ ಎರಡು ಲಕ್ಷದ ಸಾಮಾನು ಕೊಳ್ಳುವಾಗ ಮನೆ ಬಾಗಿಲಿಗೆ ಬಂದ ಮೊದಲನೇ ಮನುಷ್ಯನ ಕಾಗದಕ್ಕೆ ಸಹಿ ಹಾಕ್ತಾನೆ. ಮಾರುವಾಗಲೂ ಬೆಲೆ ಅವರದು, ಕೊಳ್ಳುವಾಗಲೂ ಬೆಲೆ ಅವರದು. ಸಾಲ ಮಾತ್ರ ನಮ್ಮದು.

ಈಗ ಹಳ್ಳಿಹಳ್ಳಿಗೆ ಸೋಲಾರ್ ಮಾರುವವರು ಬರುತ್ತಿದ್ದಾರೆ. ಬರಲಿ, ಬೇಡ ಅನ್ನೋದಿಲ್ಲ. ನಮ್ಮ ಬಿಸಿಲಿನ ಬೆಲೆ ನಮಗಿಂತ ಮೊದಲು ದೊಡ್ಡವರಿಗೆ ಗೊತ್ತಾಗಿದೆ. ಈ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆಯನ್ನು ಸರ್ಕಾರ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಅದರಲ್ಲಿ ಒಂದು ಖಾಸಗಿ ಸೋಲಾರ್ ಕಂಪನಿಗೂ ಪಾಲು ಇತ್ತು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿನ ರೈತರ ಜಮೀನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತು ಮಾಡಿದರು. ಅಂಥ ಕಂಪನಿಗಳೇ ಟೆಂಡರಿನಲ್ಲಿ ಒಬ್ಬರ ಮೇಲೊಬ್ಬರು ಪೈಸೆ ಲೆಕ್ಕ ಹಾಕಿ ಬಂದವು. ಹಾಗಿದ್ದ ಮೇಲೆ ನಮ್ಮ ಮಾಳಿಗೆ ಮೇಲಿನ ಆರು ಪ್ಯಾನೆಲ್ಲಿಗೆ ನಾವು ಲೆಕ್ಕ ಹಾಕಬಾರದೇ?

ಮೊದಲನೇ ಲೆಕ್ಕ: ನಿಮಗೆ ಇದು ಬೇಕೇ? ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ತೆಗೆದಿಟ್ಟುಕೊಳ್ಳಿ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಫ್ಯಾನು, ಟಿವಿ, ನಾಲ್ಕು ದೀಪ ಇರುವ ಮನೆಗೆ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸ್ತೀರಿ? ಈ ಮಾತನ್ನು ಮಾರುವವನು ಬಾಯಿ ಬಿಟ್ಟು ಹೇಳೋದಿಲ್ಲ. 'ಗೃಹಜ್ಯೋತಿ ನಾಳೆ ನಿಂತರೆ?' ಅಂತ ಹೆದರಿಸ್ತಾನೆ. ನಿಂತಿತು ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 60 ಯೂನಿಟ್ ಉರಿಸುವ ಮನೆಗೆ ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 360 ರೂಪಾಯಿ ಆಯಿತು. ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಹೆಚ್ಚುಕಮ್ಮಿ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತೆ. ನಿಮಗೆ ಒಂದೇ ಸಾಕು. ಅವನು ಮಾತ್ರ ಮೂರು ಹಾಕಿಸಿ ಅಂತಾನೆ.

ಮೂರು ಕಿಲೋವಾಟ್‌ಗೆ 1,90,000 ರೂಪಾಯಿ ಹೇಳಿದ ಅಂತ ಇಟ್ಟುಕೊಳ್ಳೋಣ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ ಅಷ್ಟೇ. ನಿಮ್ಮ ಕೈಯಿಂದ 1,12,000. ತಿಂಗಳಿಗೆ 300 ಯೂನಿಟ್ ಉರಿಸುವ ಮನೆ ಗೃಹಜ್ಯೋತಿಯ 200 ಯೂನಿಟ್ ದಾಟಿರುತ್ತೆ, ಪೂರ್ತಿ ಬಿಲ್ಲು ಕಟ್ಟುತ್ತೆ. ಅಂಥ ಮನೆಗೆ ವರ್ಷಕ್ಕೆ 21,600 ರೂಪಾಯಿ ಉಳಿದು, ಐದಾರು ವರ್ಷಕ್ಕೆ ಅಸಲು ವಾಪಸ್ಸು. 60 ಯೂನಿಟ್ಟಿನ ಮನೆಗೆ ಬಿಲ್ಲಿನ ಉಳಿತಾಯದಲ್ಲೇ ಅಸಲು ಬರಬೇಕಾದರೆ 26 ವರ್ಷ ಬೇಕು. ಪ್ಯಾನೆಲ್ಲಿಗೆ ಕಂಪನಿ ಕೊಡುವ ವಾರಂಟಿ 25 ವರ್ಷ!

'ಉಳಿದ ಕರೆಂಟು ಬೆಸ್ಕಾಂ ಕೊಳ್ಳುತ್ತೆ' ಅಂತಾನೆ. ಕೊಳ್ಳುತ್ತೆ, ನಿಜ. ಆದರೆ ಆ ದರವನ್ನು ವಿದ್ಯುತ್ ನಿಯಂತ್ರಣ ಆಯೋಗ ಗೊತ್ತು ಮಾಡುತ್ತೆ, ಅದು ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಬೆಸ್ಕಾಂ ಒಪ್ಪಂದದಲ್ಲಿ ಬರೆದ ದರದಿಂದ ಗುಣಿಸಿ ನೋಡಿ, ಅವನ ಬಾಯಿಮಾತಿನಿಂದ ಅಲ್ಲ.

ಎರಡನೇ ಲೆಕ್ಕ: ಲೈನು ಹೋದಾಗ ದೀಪ ಉರಿಯುತ್ತಾ? ಬಹಳ ಜನ ಮೋಸ ಹೋಗೋದು ಇಲ್ಲೇ. ಸಬ್ಸಿಡಿ ಸಿಗೋದು ಬೆಸ್ಕಾಂ ಲೈನಿಗೆ ಜೋಡಿಸಿದ ವ್ಯವಸ್ಥೆಗೆ. ಬ್ಯಾಟರಿ ಇಲ್ಲದ ಅಂಥ ವ್ಯವಸ್ಥೆ ಲೈನು ಹೋದ ಕೂಡಲೇ ತಾನೂ ನಿಂತುಬಿಡುತ್ತೆ, ಮಟಮಟ ಮಧ್ಯಾಹ್ನದಲ್ಲೂ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆ ಕರೆಂಟು ಹೊಡೆಯಬಾರದು ಅಂತ ಮಾಡಿದ ಏರ್ಪಾಡು ಅದು. ರಾತ್ರಿ ಬೆಳಕೇ ನಿಮ್ಮ ಕಷ್ಟವಾದರೆ ಬ್ಯಾಟರಿ ಬೇಕು, ಅದರ ಖರ್ಚು ಬೇರೆ. ಸೀಸದ ಬ್ಯಾಟರಿಯನ್ನು ನಾಲ್ಕೈದು ವರ್ಷಕ್ಕೆ ಬದಲಾಯಿಸಬೇಕು. ಹೊಲದ ಮನೆಗೆ, ಕುರಿಹಟ್ಟಿಗೆ ನಾಲ್ಕು ದೀಪ ಸಾಕಾದರೆ ಚಿಕ್ಕ ವ್ಯವಸ್ಥೆಯೇ ಸರಿ. 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೋ ಸಂಸ್ಥೆ ಇಂಥ ದೀಪಗಳನ್ನೇ ಬ್ಯಾಂಕ್ ಸಾಲದ ಕಂತಿನಲ್ಲಿ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮನೆಯ ಅಗತ್ಯ ನೋಡಿ ದೀಪ, ಆದಾಯ ನೋಡಿ ಕಂತು. ಆ ಪಾಠ ಇವತ್ತಿಗೂ ಸಲ್ಲುತ್ತೆ.

ಮೂರನೆಯದು ದಾಖಲೆ. ಮೀಟರ್ ಯಾರ ಹೆಸರಿನಲ್ಲಿದೆ? ನಮ್ಮಲ್ಲಿ ಅರ್ಧ ಆರ್.ಆರ್. ನಂಬರುಗಳು ತೀರಿಹೋದ ತಾತನ ಹೆಸರಿನಲ್ಲೇ ಇವೆ. ಮೊದಲು ಬೆಸ್ಕಾಂ ಕಛೇರಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ. ಆಮೇಲೆ ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ. ಅದರಲ್ಲಿ ನೋಂದಾಯಿಸಿದ ಮಾರಾಟಗಾರನಿಂದ ಹಾಕಿಸಿದರೆ ಮಾತ್ರ ಸಬ್ಸಿಡಿ. ಆ ಹಣ ಪ್ಯಾನೆಲ್ ಕೂರಿಸಿ, ತನಿಖೆಯಾಗಿ, ಎರಡೂ ಕಡೆ ಓದುವ ಮೀಟರ್ ಬಂದ ಮೇಲೆ ನಿಮ್ಮ ಖಾತೆಗೇ ಬರುತ್ತೆ. ಅಂದರೆ ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು.

ಇನ್ನು ಕೊಟೇಶನ್. ಮೂರಕ್ಕೆ ಕಡಿಮೆ ಬೇಡ. ಮೂವರೂ ಬಂದು ಮಾಳಿಗೆ ಹತ್ತಿ ನೋಡಲಿ. ಕಿಲೋವಾಟ್‌ಗೆ ಸುಮಾರು ನೂರು ಚದರಡಿ ಜಾಗ ಬೇಕು, ಬೇವಿನ ಮರದ ನೆರಳು ಬೀಳಬಾರದು, ಮುಖ ದಕ್ಷಿಣಕ್ಕಿರಬೇಕು. ಮಣ್ಣಿನ ಮಾಳಿಗೆ ಆ ಭಾರ ತಡೆಯುತ್ತೋ ಇಲ್ಲವೋ ಬರೆದು ಕೊಡಲಿ. ಫೋನಿನಲ್ಲೇ ರೇಟು ಹೇಳುವವನನ್ನು ಬಾಗಿಲಲ್ಲೇ ಕಳಿಸಿ.

ಒಟ್ಟು ಮೊತ್ತ ಒಂದೇ ಬರೆದ ಚೀಟಿ ಕೊಟೇಶನ್ ಅಲ್ಲ. ಪ್ಯಾನೆಲ್ ಯಾವ ಕಂಪನಿಯದು, ಎಷ್ಟು ವಾಟ್, ಎಷ್ಟು ಸಂಖ್ಯೆ, ಇನ್ವರ್ಟರ್ ಯಾವುದು, ವಾರಂಟಿ ಎಷ್ಟು ವರ್ಷ, ಸ್ಟ್ಯಾಂಡಿಗೆ ಸತು ಲೇಪಿಸಿದ ಕಬ್ಬಿಣವೋ, ಬರೀ ಬಣ್ಣ ಹೊಡೆದದ್ದೋ, ಅರ್ತಿಂಗ್, ಸಿಡಿಲು ತಡೆ, ವೈರು, ಮೀಟರಿನ ಖರ್ಚು ಯಾರದು, ತೆರಿಗೆ ಎಷ್ಟು. ಎಲ್ಲಾ ಬೇರೆಬೇರೆ ಸಾಲಿನಲ್ಲಿ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೇ ದರದ ಚೀಟಿ ತಂದರೆ ವಾಪಸ್ ಕೊಡಿ. ಸಬ್ಸಿಡಿ ಬೇಕಾದರೆ ಸೆಲ್ಲೂ ಪ್ಯಾನೆಲ್ಲೂ ಎರಡೂ ದೇಶದಲ್ಲೇ ತಯಾರಾಗಿರಬೇಕು, ಅದೂ ಬರವಣಿಗೆಯಲ್ಲಿರಲಿ.

ಹೋಲಿಸುವಾಗ ಒಟ್ಟು ಮೊತ್ತ ನೋಡಬೇಡಿ, ಕಿಲೋವಾಟ್ ಲೆಕ್ಕ ನೋಡಿ. ಒಬ್ಬ 1,90,000ಕ್ಕೆ 540 ವಾಟಿನ ಆರು ಪ್ಯಾನೆಲ್ ಕೊಡ್ತಾನೆ. ಇನ್ನೊಬ್ಬ 1,75,000ಕ್ಕೆ ಅದೇ ಐದು ಕೊಡ್ತಾನೆ. ಎರಡನೆಯವನು ಅಗ್ಗ ಅನ್ನಿಸ್ತಾನೆ. ಭಾಗಿಸಿ ನೋಡಿ. ಮೊದಲನೆಯವನದು ಕಿಲೋವಾಟ್‌ಗೆ 58,600, ಎರಡನೆಯವನದು 64,800. ಸಬ್ಸಿಡಿಯೂ ಎರಡನೆಯದರಲ್ಲಿ ಕಮ್ಮಿ.

ಯೋಜನೆಯ ಪ್ರಕಾರ ಮಾರಿದವನು ಐದು ವರ್ಷ ರಿಪೇರಿ ನೋಡಿಕೊಳ್ಳಬೇಕು. ಎಲ್ಲಿಂದ ಬರ್ತಾನೆ, ಚಳ್ಳಕೆರೆಯಿಂದಲೋ ಬೆಂಗಳೂರಿನಿಂದಲೋ, ಕೇಳಿ. ಅವನು ಹಿಂದೆ ಹಾಕಿಕೊಟ್ಟ ಎರಡು ಮನೆಗೆ ಹೋಗಿ ಮನೆಯವರನ್ನೇ ವಿಚಾರಿಸಿ. ಧೂಳು ತೊಳೆಯೋದು ನಮ್ಮ ಕೆಲಸ. ಬೋರಿನ ಗಡಸು ನೀರು ಬಿಳಿ ಕಲೆ ಕೂರಿಸುತ್ತೆ, ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬೇಕು.

ಕಡೆಯ ಮಾತು ಸಾಲದ್ದು. ಮೂರು ಕಿಲೋವಾಟ್‌ವರೆಗೆ ಬ್ಯಾಂಕುಗಳು ಅಡಮಾನ ಇಲ್ಲದೆ, ಶೇಕಡಾ 6-7ರ ಆಸುಪಾಸಿನ ಬಡ್ಡಿಗೆ ಸಾಲ ಕೊಡುತ್ತವೆ. ಆದ್ದರಿಂದ ಮನೆಗೆ ಬಂದವನು ಫೈನಾನ್ಸ್ ಕಾಗದದ ಜೊತೆ ಪಹಣಿ ಕೇಳಿದರೆ ಕೊಡಬೇಡಿ. ಮಾಳಿಗೆ ಮೇಲಿನ ಗಾಜಿಗೆ ಹೊಲ ಒತ್ತೆ ಇಡುವ ಗತಿ ಯಾರಿಗೂ ಬಂದಿಲ್ಲ. ಬೆಳೆಸಾಲವನ್ನು ಇದಕ್ಕೆ ತಿರುಗಿಸಲೂ ಬೇಡಿ. ಮಳೆ ಕೈಕೊಟ್ಟ ವರ್ಷ ಶೇಂಗಾವೂ ಇಲ್ಲ, ಕಂತೂ ಇಲ್ಲ ಅಂತಾಗುತ್ತೆ.

ಒಬ್ಬೊಬ್ಬರೇ ಹೋಗಬೇಡಿ. ಬೇಕಾದ ಐದಾರು ಮನೆಯವರು ಸೇರಿ ಒಟ್ಟಿಗೆ ಕೊಟೇಶನ್ ಕರೆಯಿರಿ, ಬೆಲೆ ಇಳಿಯುತ್ತೆ. ಬಂದ ಕಾಗದಗಳನ್ನು ಓದುಬರಹ ಬಲ್ಲ ಹುಡುಗ, ಹುಡುಗಿಯರ ಕೈಗೆ ಕೊಟ್ಟು ಊರ ಕಟ್ಟೆ ಮೇಲೆ ಎಲ್ಲರ ಮುಂದೆ ಜೋರಾಗಿ ಓದಿಸಿ. ಹತ್ತು ಜನರ ಎದುರು ಓದಲು ಹಿಂಜರಿಯುವ ಕಾಗದ ಯಾವುದೇ ಇರಲಿ, ಅದಕ್ಕೆ ಸಹಿ ಹಾಕಬೇಡಿ.