ಹರೆಯದ ಮೂಳೆ

ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ವಯಸ್ಸನ್ನು ಹದಿಹರೆಯವೆಂದು ಗುರುತಿಸುತ್ತದೆ. ಈ ವಯಸ್ಸಿನ ಕುರಿತ ಮಾತುಕತೆ ಬಹುಮಟ್ಟಿಗೆ ಮನಸ್ಸಿನ ಏರಿಳಿತದ ಸುತ್ತಲೂ ಪರೀಕ್ಷೆಯ ಅಂಕದ ಸುತ್ತಲೂ ತಿರುಗುವುದರಿಂದ, ಅದೇ ವರ್ಷಗಳಲ್ಲಿ ಮೂಳೆಯೊಳಗೆ ನಡೆಯುವ ಕಟ್ಟೋಣದತ್ತ ಗಮನ ಹರಿಯುವುದು ಅಪರೂಪ. ಹುಡುಗಿಯರಲ್ಲಿ 12ರ, ಹುಡುಗರಲ್ಲಿ 14ರ ಆಸುಪಾಸಿನಲ್ಲಿ ಎತ್ತರ ದಡಬಡನೆ ಏರುವ ಸುಮಾರು ಎರಡು ವರ್ಷಗಳಲ್ಲೇ, ಪ್ರಾಯದ ದೇಹದ ಮೂಳೆಯಲ್ಲಿರುವ ಖನಿಜದ ಕಾಲು ಭಾಗದಷ್ಟು ಸೇರಿಬಿಡುತ್ತದೆ. ಇಪ್ಪತ್ತು ದಾಟಿದ ಮೇಲೆ ಈ ಸಂಗ್ರಹ ತನ್ನ ಮೇಲ್ಮಟ್ಟವನ್ನು ಮುಟ್ಟಿ ನಿಲ್ಲುತ್ತದೆ, ಮುಂದೆ ನಿಧಾನವಾಗಿ ಕರಗುತ್ತದೆ. ಮುಟ್ಟು ನಿಂತ ಬಳಿಕ ಹೆಂಗಸರಲ್ಲಿ ಕರಗುವ ವೇಗ ಹೆಚ್ಚುವುದರಿಂದ, ಅರವತ್ತರಲ್ಲಿ ಜಾರಿಬಿದ್ದಾಗ ಸೊಂಟದ ಮೂಳೆ ತಾಳುವುದೋ ಮುರಿಯುವುದೋ ಎಂಬುದರಲ್ಲಿ ಹರೆಯದ ಊಟಕ್ಕೂ ಆಟಕ್ಕೂ ಪಾಲಿರುತ್ತದೆ.

ಕೋಲಾರ ಸೀಮೆಯಲ್ಲಿ ಈ ವಿಷಯಕ್ಕೆ ಎರಡು ಮುಖಗಳಿವೆ. ಇಲ್ಲಿನ ನೆಲ ಬೆಳೆಯುವ ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ತೀರ ಅಲ್ಪ. ರಾಗಿಯನ್ನು ಮೊಳಕೆ ಕಟ್ಟಿದರೆ ಆ ಅಂಶ ದೇಹಕ್ಕೆ ಇನ್ನಷ್ಟು ದಕ್ಕುತ್ತದೆ. ಹಸುಗೂಸಿಗೆ ಮೊಳಕೆ ರಾಗಿಯ ಸರಿ ಮಾಡುವ ಮನೆಯೇ ಹದಿನಾಲ್ಕರ ಮಗಳಿಗೆ ಅದನ್ನು ಮರೆಯುವುದು ವಿಚಿತ್ರ. ಇನ್ನೊಂದು ಮುಖ ನೀರಿನದು. ಸಾವಿರ ಅಡಿಗೂ ಆಳಕ್ಕಿಳಿದ ಕೊಳವೆಬಾವಿಗಳ ನೀರಿಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಫ್ಲೋರೈಡ್ ಕರಗಿ ಸೇರುತ್ತದೆ, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಲವೆಡೆ ಅದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರುತ್ತದೆ. ಹಲ್ಲಿನ ಕಂದುಕಲೆ ಎಳವೆಯಲ್ಲೇ ಮೂಡುವಂಥದ್ದಾದ್ದರಿಂದ ಕಣ್ಣಿಗೆ ಬೀಳುತ್ತದೆ. ಆದರೆ ಬೆಳೆಯುವ ಮೂಳೆ ಫ್ಲೋರೈಡನ್ನು ಬಲಿತ ಮೂಳೆಗಿಂತ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದೂ, ಕ್ಯಾಲ್ಸಿಯಂ ಕೊರತೆಯಿದ್ದಲ್ಲಿ ಹಾನಿ ಹೆಚ್ಚುವುದೂ, ಕೀಲು ಬಿಗಿದು ಬೆನ್ನು ಬಾಗುವ ವಯಸ್ಸಿನವರೆಗೆ ತಿಳಿಯುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಸಾರಿಗೂ ಮುದ್ದೆಗೂ ಕೊಳವೆಬಾವಿಯ ನೀರನ್ನೇ ಬಳಸಿದರೆ ಅರ್ಧ ರಕ್ಷಣೆಯಷ್ಟೇ ಸಿಗುತ್ತದೆ.

ಹಾಲಿನ ವಿಚಾರದಲ್ಲೂ ವಿರೋಧಾಭಾಸವಿದೆ: ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಊರೂರಲ್ಲೂ ಡೇರಿಯಿದ್ದು, ಹಾಲಿನ ದುಡ್ಡೇ ಮನೆ ನಡೆಸುವ ಕಡೆ ಮಕ್ಕಳ ಲೋಟಕ್ಕೆ ಉಳಿಯುವುದು ಕಡಿಮೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ಈ ಕೊರತೆಯನ್ನು ಶಾಲೆಯಲ್ಲಿ ತಕ್ಕಮಟ್ಟಿಗೆ ತುಂಬಿದೆಯಾದರೂ ಅದು ಹತ್ತನೇ ತರಗತಿಗೆ ನಿಲ್ಲುತ್ತದೆ. ಮೂಳೆ ಆ ವಯಸ್ಸಿಗೆ ನಿಲ್ಲದಿರುವುದರಿಂದ, ಪದವಿಪೂರ್ವ ಕಾಲೇಜಿನ ಎರಡು ವರ್ಷಗಳಿಗೂ ಅದನ್ನು ವಿಸ್ತರಿಸುವುದು ನ್ಯಾಯವೇ ಆದೀತು.