ಭೂಕಂಪಕ್ಕೆ ಬಡವ-ಬಲ್ಲಿದರ ಭೇದವಿದೆಯೇ?

ನೆರೆ ಬಂದಾಗ, ನೆಲ ನಡುಗಿದಾಗ ಬಡವ-ಬಲ್ಲಿದ ಎಲ್ಲರೂ ಒಂದೇ ಎನ್ನುತ್ತೇವಲ್ಲ, ವಿದ್ವಾಂಸರೂ ಬಹುಕಾಲ ಹೆಚ್ಚುಕಡಿಮೆ ಅದನ್ನೇ ಹೇಳಿದರು.

ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ 1917ರ ಡಿಸೆಂಬರ್ 6ರಂದು ಸಿಡಿಮದ್ದು ತುಂಬಿದ್ದ ಹಡಗೊಂದು ಇನ್ನೊಂದಕ್ಕೆ ಡಿಕ್ಕಿಯಾಗಿ ಸಿಡಿಯಿತು. ಸತ್ತವರು ಸುಮಾರು 2000. ಆ ಊರಿನಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಪ್ರಿನ್ಸ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಆ ದುರಂತದ ಮೇಲೆ ಬರೆದ ಪ್ರಬಂಧ 1920ರಲ್ಲಿ ಅಚ್ಚಾಯಿತು. ವಿಪತ್ತಿನ ಸಮಾಜಶಾಸ್ತ್ರ ಅಲ್ಲಿಂದಲೇ ಶುರು ಎನ್ನುತ್ತಾರೆ. ಪ್ರಿನ್ಸ್ ಅವರ ಗಮನವೆಲ್ಲ ಇಡೀ ಊರು ಹೇಗೆ ಬದಲಾಯಿತು ಎಂಬುದರ ಮೇಲೆ. ಆದರೆ ನೆಲಸಮವಾದದ್ದು ಮುಖ್ಯವಾಗಿ ಕಾರ್ಮಿಕರು ವಾಸವಿದ್ದ ರಿಚ್ಮಂಡ್ ಬಡಾವಣೆ. ವರ್ಗಭೇದ ಆ ಬಂದರಿಗೆ ಹೊಸದೂ ಆಗಿರಲಿಲ್ಲ. ಐದು ವರ್ಷ ಹಿಂದೆ ಟೈಟಾನಿಕ್‌ನ ಶವಗಳನ್ನು ಅಲ್ಲಿಗೇ ತಂದಿದ್ದರು: ಮೊದಲ ದರ್ಜೆಯವರು ಪೆಟ್ಟಿಗೆಯಲ್ಲಿ, ಮೂರನೇ ದರ್ಜೆಯವರು ಕ್ಯಾನ್ವಾಸ್ ಚೀಲದಲ್ಲಿ. ಸತ್ತರೂ ಟಿಕೆಟ್ಟಿನ ದರ್ಜೆ ಬಿಡಲಿಲ್ಲ, ನೋಡಿ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ವಿಪತ್ತಿನ ಅಧ್ಯಯನಕ್ಕೆ ಹಣ ಸಿಕ್ಕಿತು. ಅದರಲ್ಲಿ ದೊಡ್ಡ ಪಾಲು ಸೇನೆಯದು, ನಾಗರಿಕ ರಕ್ಷಣಾ ಇಲಾಖೆಯದು. ಬಾಂಬು ಬಿದ್ದರೆ ಜನ ದಿಕ್ಕಾಪಾಲಾಗುತ್ತಾರೆಯೇ ಎಂಬುದು ಅವರ ಚಿಂತೆ. 1963ರಲ್ಲಿ ಒಹಾಯೋದಲ್ಲಿ ವಿಪತ್ತು ಸಂಶೋಧನಾ ಕೇಂದ್ರವೇ ಶುರುವಾಯಿತು. ಜನ ಅಷ್ಟು ಸುಲಭವಾಗಿ ದಿಕ್ಕೆಡುವುದಿಲ್ಲ, ಒಬ್ಬರಿಗೊಬ್ಬರು ಆಗುತ್ತಾರೆ ಎಂದು ಈ ಸಂಶೋಧಕರು ಕಂಡುಕೊಂಡರು. ಒಳ್ಳೆಯ ಶೋಧನೆಯೇ. ಆದರೆ ಅದು ಮೊದಲ ಕೆಲವು ದಿನಗಳ ಕಥೆ. ವರ್ಷ ಕಳೆದ ಮೇಲೆ ಯಾರಿಗೆ ಸೂರು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ತಿಳಿಯುವ ಗರಜು ಹಣ ಕೊಟ್ಟವರಿಗೆ ಇರಲಿಲ್ಲ.

1976ರ ಫೆಬ್ರುವರಿ 4ರ ನಸುಕಿನಲ್ಲಿ ಗ್ವಾಟೆಮಾಲಾ ನಡುಗಿ ಸುಮಾರು 23,000 ಜನ ಸತ್ತರು. ಹಸಿ ಇಟ್ಟಿಗೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ರಾಜಧಾನಿಯಲ್ಲಿ ಕಮರಿಯ ಅಂಚಿನ ಗುಡಿಸಲುಗಳು ಜಾರಿಹೋದವು. ಉಳ್ಳವರ ಕಾಂಕ್ರೀಟ್ ಮನೆಗಳು ಬಹುಮಟ್ಟಿಗೆ ನಿಂತವು. ಅದೇ ವರ್ಷ ಓಕೀಫ್, ವೆಸ್ಟ್‌ಗೇಟ್, ವಿಸ್ನರ್ ಎಂಬ ಮೂವರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ವಿಪತ್ತನ್ನು ಪ್ರಕೃತಿಯ ತಲೆಗೆ ಕಟ್ಟುವುದು ಸಾಕು ಎಂದು ವಾದಿಸಿದರು. ವಿದ್ವಾಂಸರ ಗಾಳಿ ಬಡತನವನ್ನು ನೋಡುವ ಕಡೆ ತಿರುಗಿತು.

ತಿರುಗಿದ ಗಾಳಿಯನ್ನೂ ಪರೀಕ್ಷಿಸಬೇಕಲ್ಲ! 1995ರ ಜುಲೈನಲ್ಲಿ ಷಿಕಾಗೋದಲ್ಲಿ ಬಿಸಿಲ ಝಳಕ್ಕೆ 700ಕ್ಕೂ ಹೆಚ್ಚು ಜನ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ಎರಡರಲ್ಲೂ ಬಡತನವಿತ್ತು, ಒಂಟಿ ವೃದ್ಧರಿದ್ದರು. ಆದರೂ ಒಂದರ ಸಾವಿನ ಪ್ರಮಾಣ ಇನ್ನೊಂದರ ಹತ್ತು ಪಟ್ಟು. ಕಡಿಮೆ ಸತ್ತ ಕಡೆ ಬೀದಿಯಲ್ಲಿ ಅಂಗಡಿ, ಜನಸಂಚಾರ. ಹೆಚ್ಚು ಸತ್ತ ಕಡೆ ಪಾಳುಬಿದ್ದ ನಿವೇಶನ, ಹೊರಗೆ ಬರಲು ಭಯ. ಅಂದರೆ ಬರೀ ವರಮಾನ ನೋಡಿದರೆ ಸಾಲದು ಎಂದಾಯಿತು. 2006ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಿಚೆಲ್ ಡ್ಯೂನಿಯರ್ ಈ ವಾದಕ್ಕೂ ತಕರಾರು ಎತ್ತಿದರು: ಬಡಾವಣೆಯ ಸರಾಸರಿ ನೋಡಿ, ಸತ್ತವನೂ ಹಾಗೆಯೇ ಬದುಕಿದ್ದ ಎನ್ನಲಾದೀತೇ? ಕ್ಲಿನೆನ್‌ಬರ್ಗ್ ಬಿರುಸಾಗಿಯೇ ಉತ್ತರ ಕೊಟ್ಟರು. ನನಗೆ ಡ್ಯೂನಿಯರ್ ಅವರ ಪ್ರಶ್ನೆ ನ್ಯಾಯವಾದದ್ದು ಅನ್ನಿಸುತ್ತದೆ, ಕ್ಲಿನೆನ್‌ಬರ್ಗ್ ತೋರಿಸಿದ ಬೀದಿಗಳನ್ನು ಅದು ಅಳಿಸದಿದ್ದರೂ.

ಈ ವಾಗ್ವಾದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನಷ್ಟವನ್ನು ರೂಪಾಯಿ-ಡಾಲರುಗಳಲ್ಲಿ ಕಟ್ಟುವ ಲೆಕ್ಕ. ವಿಮೆ ಇರುವ ಬಂಗಲೆ ಬಿದ್ದರೆ ನಷ್ಟ ಕೋಟಿಗಟ್ಟಲೆ. ತಗಡಿನ ಮನೆ ಬಿದ್ದರೆ ಕೆಲವು ಸಾವಿರ. ಒಳಗಿದ್ದ ಹೊಲಿಗೆ ಯಂತ್ರ, ತಪ್ಪಿದ ಕೂಲಿ ಬಹಳಷ್ಟು ಪಟ್ಟಿಗಳಲ್ಲಿ ಬರುವುದೇ ಇಲ್ಲ. ಹಾಗಾಗಿ ಹೆಚ್ಚು ಕಳೆದುಕೊಂಡವರು ಶ್ರೀಮಂತರೇ ಎಂದು ತೋರಿಸುವ ಕೋಷ್ಟಕ ಕಂಡರೆ, ಕೂಡಿಸಿದ್ದು ಸರಿಯಿದೆಯೇ ಎನ್ನುವುದಕ್ಕೆ ಮುಂಚೆ ಏನನ್ನು ಕೂಡಿಸಿದ್ದಾರೆ ಎಂದು ಕೇಳಿ.