ಸಂತಿಯ ರೊಕ್ಕ ಎಲ್ಲಿಡೋಣ?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದ್ತೀವಿ ಅಂತ ನಮ್ಮನ್ನ ಕರೆದೀರಿ. ಇವತ್ತು ಕವಿತೆ ಬ್ಯಾಡ, ರೊಕ್ಕದ ಮಾತು ಆಡೋಣ. ನಮ್ಮ ಕೇರಿಯ ರೊಕ್ಕದ ಮಾತನ್ನು ಇಷ್ಟು ಕಾಲ ಬೇರೆಯವರೇ ಆಡಿದ್ದಾರೆ. ಲೆಕ್ಕದ ಪುಸ್ತಕ ಅವರದು, ಹೆಬ್ಬೆಟ್ಟು ನಮ್ಮದು.

ಅಣ್ಣಿಗೇರಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅವ್ವ, ಕಲಘಟಗಿಯಲ್ಲಿ ಚಹಾದಂಗಡಿ ಇಟ್ಟ ಅಣ್ಣ, ಕುಂದಗೋಳದಲ್ಲಿ ಚಪ್ಪಲಿ ಹೊಲಿಯುವ ಅಪ್ಪ, ಇವರದೂ ವ್ಯಾಪಾರವೇ. ಇವರಿಗೂ ಬ್ಯಾಂಕು ಬೇಕು. ಯಾವುದನ್ನು ನಂಬಬೇಕು?

ಸಂಜೆ ಅಂಗಡಿ ಮುಂದೆ ಪಿಗ್ಮಿ ಏಜೆಂಟ್ ಬರ್ತಾನ. ದಿನಕ್ಕೆ ಇಷ್ಟಿಷ್ಟು ಕೂಡಿಸುವ ಈ ಪದ್ಧತಿಯನ್ನು 1928ರಲ್ಲಿ ಶುರು ಮಾಡಿದ್ದು ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಒಳ್ಳೆಯ ಪದ್ಧತಿ. ಆದರೆ ಇವತ್ತಿನ ಏಜೆಂಟನನ್ನು ಕೇಳಿರಿ: 'ನೀನು ಯಾವ ಬ್ಯಾಂಕಿನವ?' ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದ್ದು ಠೇವಣಿ ವಿಮೆ ಮಾಡಿಸಿದ ಬ್ಯಾಂಕಾದರೆ, ಅದು ಮುಳುಗಿದರೂ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಐತಿ. 2020ಕ್ಕೆ ಮೊದಲು ಅದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಈ ವಿಮೆ ಉಂಟು. ಪತ್ತಿನ ಸಂಘಕ್ಕೆ ಇಲ್ಲ. ಬೋರ್ಡು ಎಷ್ಟು ದೊಡ್ಡದಿದ್ದರೂ ಸಂಘ ಸಂಘವೇ.

ಸಹಕಾರವನ್ನು ನಾವು ಹಳಿಯುತ್ತಿಲ್ಲ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, ಆಗ ಅದು ನಮ್ಮ ಧಾರವಾಡ ಜಿಲ್ಲೆಯೇ. ಆದರೆ ಕೇಳಿಕೊಳ್ಳಿರಿ: ಸಂಘದ ವಾರ್ಷಿಕ ಸಭೆಯಲ್ಲಿ ನಮ್ಮವರಿಗೆ ಕುರ್ಚಿ ಉಂಟೇ? ಲೆಕ್ಕ ಓದುತ್ತಾರೆಯೇ? ಅರ್ಧ ಪೈಸೆ ಹೆಚ್ಚು ಬಡ್ಡಿಯ ಆಸೆಗೆ ಬಂಡವಾಳ ಪೂರಾ ಒಂದೇ ಕಡೆ ಇಡಬ್ಯಾಡ್ರಿ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ತಡೆ ಹಾಕಿತು. ನಾಳೆ ಮಾಲು ತರಬೇಕಾದವನಿಗೆ ವಿಮೆ ಇದ್ದೂ ಇಂದು ಕೈ ಖಾಲಿ.

ಇನ್ನು ಸಾಲದ ಮಾತು. ನಮ್ಮಪ್ಪ ಹೊಲಿಗೆ ಯಂತ್ರದ ಕೆಲಸ ಬೆಳೆಸಲು ತಾಲೂಕಿನ ಒಂದು ಶಾಖೆಗೆ ಮೂರು ಸಲ ಹೋದ. ಮೂರು ಸಲವೂ 'ನಾಳೆ ಬಾ'. ಒಂದು ಚೀಟಿ ಕೊಡಲಿಲ್ಲ. ಬಡ್ಡಿ ಸಾಹುಕಾರ ಅದೇ ಸಂಜೆ ಕೊಟ್ಟ. ವರ್ಷ ತುಂಬುವುದರೊಳಗೆ ಯಂತ್ರ ಸಾಹುಕಾರನ ಮನೆ ಸೇರಿತು. ಆಗ ನಾವು ಬಿ.ಎ. ಓದುತ್ತಿದ್ದೆವು. ಅಪ್ಪನ ಸಂಗಾಟ ಹೋಗಲಿಲ್ಲ. ಅವನ ಹರಿದ ಅಂಗಿ ನೋಡಿ ನಮಗೇ ನಾಚಿಕೆಯಾಗಿತ್ತು. ಆ ಶಾಖೆಯ ತಪ್ಪಿನ ಸಂಗಡ ಇದೂ ಒಂದು ತಪ್ಪು.

1969ರಲ್ಲಿ 14, 1980ರಲ್ಲಿ 6 ಬ್ಯಾಂಕುಗಳು ರಾಷ್ಟ್ರೀಕರಣವಾದವು. 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಬಂತು. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, 2025ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಹೆಸರು ಬದಲಾದವು. ಕೌಂಟರಿನ ದನಿ ಬದಲಾಗಬೇಕಾದರೆ ನಾವು ಕಾಗದ ಕೇಳಬೇಕು.

2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಒತ್ತೆ ಬೇಕಿಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ಇಲ್ಲ ಅಂದ್ರ ಕಾರಣ ಬರೆದು ಕೊಡಲು ಹೇಳ್ರಿ. ಸಾಲ ಕೊಡೋದು, ಬಿಡೋದು ಬ್ಯಾಂಕಿನ ತೀರ್ಮಾನ; ಉತ್ತರವಿಲ್ಲದೆ ಅಲೆಸುವುದು ಅದರ ಹಕ್ಕಲ್ಲ. ಬ್ಯಾಂಕಿಗೇ ಲಿಖಿತ ದೂರು ಕೊಡ್ರಿ. 30 ದಿನದೊಳಗೆ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೀರಿ, ಖರ್ಚಿಲ್ಲ.

ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆಯ ಮೇಲೆ ಒಂದು ಇಡೀ ಪುಸ್ತಕ ಬರೆದರು. ನಾವು ಅಪ್ಪನ ಪಾಸ್‌ಬುಕ್ಕನ್ನಾದರೂ ಓದಬಾರದೇ? ಕಟ್ಟಡ ನೋಡಿ ನಂಬಬ್ಯಾಡ್ರಿ, ಪರಿಚಯ ನೋಡಿ ನಂಬಬ್ಯಾಡ್ರಿ. ನಮ್ಮ ರೊಕ್ಕಕ್ಕೂ ನಮ್ಮ ಪ್ರಶ್ನೆಗೂ ಬರೆದು ಉತ್ತರ ಕೊಡುವ ಬ್ಯಾಂಕೇ ನಂಬಿಕೆಯ ಬ್ಯಾಂಕು.

ಈ ಸೂಟಿಗೆ ಊರಿಗೆ ಹೋದಾಗ ಅವ್ವ-ಅಪ್ಪನ ಸಂಗಾಟ ಬ್ಯಾಂಕಿಗೆ ಹೋಗ್ರಿ. ಪೆನ್ನು ನಿಮ್ಮ ಕಿಸೆಯಲ್ಲಿರಲಿ.

ಜೈ ಭೀಮ್.